ರುದ್ರಮುನಿ ಕಟ್ಟಿದ ಗಾಯಕ

ನ್ಯಾಮತಿಯಲ್ಲಿ ಯಾರಾದರೂ ತೀರಿಕೊಂಡರೆ ಊರಿಗೆ ಮೊದಲು ತಿಳಿಯುವುದು ರುದ್ರಮುನಿಯ ದನಿಯಿಂದ. ಆಟೊದ ತಲೆಯ ಮೇಲೆ ಧ್ವನಿವರ್ಧಕ ಕಟ್ಟಿಸಿ, ಹಿಂದಿನ ಸೀಟಿನಲ್ಲಿ ಮೈಕ್ ಹಿಡಿದು ಕೂತು, ಬೀದಿ ಬೀದಿ ಸುತ್ತಿ ಹೇಳುತ್ತಾನೆ. ಹೆಸರು, ಯಾರ ತಂದೆ ಅಥವಾ ಯಾರ ತಾಯಿ, ಮಣ್ಣು ಎಲ್ಲಿ, ಎಷ್ಟು ಹೊತ್ತಿಗೆ. ಅಷ್ಟೇ. ದುಃಖತಪ್ತ, ಅಗಲಿದ ಚೇತನ ಇತ್ಯಾದಿ ಒಂದೂ ಅವನ ಬಾಯಿಂದ ಬರುವುದಿಲ್ಲ.

ಈ ಕೆಲಸಕ್ಕೆ ಅವನದೇ ಒಂದು ಕಟ್ಟುಪಾಡಿದೆ. ಸಾವಿನ ಸುದ್ದಿಯನ್ನು ಫೋನಿನಲ್ಲಿ ಕೇಳಿ ಹೇಳುವುದಿಲ್ಲ. ಮನೆಗೆ ಹೋಗಬೇಕು, ಚಪ್ಪಲಿ ಬಿಟ್ಟು ಒಳಗೆ ನಿಲ್ಲಬೇಕು, ಮನೆಯವರ ಬಾಯಿಂದಲೇ ಕೇಳಬೇಕು. ಒಮ್ಮೆ ಯಾರೋ ತಮಾಷೆಗೋ ಜಗಳಕ್ಕೋ ಫೋನ್ ಮಾಡಿ ಒಬ್ಬ ಮುದುಕರು ಹೋದರೆಂದು ಹೇಳಿದ್ದರು. ರುದ್ರಮುನಿ ಹೋಗಿ ನೋಡಿದರೆ ಮುದುಕರು ರೊಟ್ಟಿ ಮುರಿಯುತ್ತ ಕೂತಿದ್ದರು. "ಬರ್ರಿ ಬರ್ರಿ. ನನ್ನ ಮಣ್ಣು ಎಷ್ಟೊತ್ತಿಗಂತೆ?" ಎಂದು ಅವರೇ ಕೇಳಿದರು. ಅಂದಿನಿಂದ ಊರಿನಲ್ಲಿ ಒಂದು ಮಾತು ನಿಂತುಬಿಟ್ಟಿದೆ, ರುದ್ರಮುನಿ ಮೈಕಿನಲ್ಲಿ ಹೇಳುವ ತನಕ ನ್ಯಾಮತಿಯಲ್ಲಿ ಯಾರೂ ಸತ್ತಿಲ್ಲ ಎಂದು.

ಇದು ಹಗಲಿನ ರುದ್ರಮುನಿ. ಸಂಜೆ ವೇದಿಕೆ ಹತ್ತಿದರೆ ಅವನು ಬೇರೆಯೇ ಮನುಷ್ಯ.

ಅವನು ರಸಮಂಜರಿ ತಂಡವೊಂದರ ನಿರೂಪಕ. ತಂಡದ ಯಜಮಾನ ಮತ್ತು ಮುಖ್ಯ ಗಾಯಕ ಸಾಸ್ವೆಹಳ್ಳಿಯ ಸತೀಶ್ ಕುಮಾರ್. ಪೋಸ್ಟರುಗಳಲ್ಲಿ ಅವನ ಹೆಸರಿನ ಮೇಲೆ 'ತುಂಗಭದ್ರೆಯ ಕೊರಳು' ಎಂದು ಕೆಂಪು ಅಕ್ಷರದಲ್ಲಿ ಇರುತ್ತದೆ. ಆ ಬಿರುದು ಕೊಟ್ಟವನು ರುದ್ರಮುನಿ. ಯಾವ ಸಂಸ್ಥೆಯೂ ಅಲ್ಲ, ಯಾವ ಮಠವೂ ಅಲ್ಲ. ಒಂದು ಸಂಜೆ ಬಾಯಿಗೆ ಬಂತು, ಹೇಳಿದ, ಜನ ಚಪ್ಪಾಳೆ ತಟ್ಟಿದರು, ಮಾರನೆಯ ವಾರ ಪೋಸ್ಟರಿಗೆ ಬಂತು.

ಬಿರುದಿಗಿಂತ ದೊಡ್ಡದು ಅದರ ಹಿಂದಿನ ಕಥೆ. ಅದು ಹುಟ್ಟಿದ್ದು ಚನ್ನಗಿರಿಯಲ್ಲಿ, ಸತೀಶನಿಗೆ ಇನ್ನೂ ಮೀಸೆ ಸರಿಯಾಗಿ ಬಾರದ ಕಾಲದಲ್ಲಿ. ಕಾರ್ಯಕ್ರಮದ ನಡುವೆ ಆಂಪ್ಲಿಫೈಯರ್ ಸುಟ್ಟು ವಾಸನೆ ಬಂತು. ಬದಲಿ ತರಲು ಹೋದವನು ಬರುವ ತನಕ ಜನರನ್ನು ಹಿಡಿದಿಡಬೇಕಿತ್ತು. ಕೈಯಲ್ಲೊಂದು ಸಣ್ಣ ಮೆಗಾಫೋನ್ ಹಿಡಿದು ರುದ್ರಮುನಿ ಶುರುಮಾಡಿದ. ಈ ಹುಡುಗನಿಗೆ ಗುರುವಿಲ್ಲ ಎಂದ. ಹೊಳೆ ದಂಡೆಯಲ್ಲಿ ಡೀಸೆಲ್ ಪಂಪ್‌ಸೆಟ್ ಓಡುತ್ತಿದ್ದರೆ ಅದರ ಸದ್ದನ್ನೇ ಶ್ರುತಿ ಮಾಡಿಕೊಂಡು ಹಾಡುತ್ತಿದ್ದ ಎಂದ. ಒಂದು ಸಲ ಕೇಳಿದರೆ ಸಾಕು, ಇವನಿಗೆ ಅಭ್ಯಾಸವೇ ಬೇಡ, ಹಾಡು ತಾನಾಗಿ ಬಂದು ಗಂಟಲಲ್ಲಿ ಕೂರುತ್ತದೆ ಎಂದ. ಹೆಂಗಸರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಆಂಪ್ಲಿಫೈಯರ್ ಬಂದಾಗ ಯಾಕಾದರೂ ಬಂತೋ ಎನ್ನುವಂತೆ ಮೈದಾನ ಕೂತಿತ್ತು.

ನಿಜವೆಂದರೆ ಸತೀಶನ ಅಪ್ಪನದು ಸೈಕಲ್ ಶಾಪ್. ಹೊಳೆ ದಂಡೆಯಲ್ಲಿ ಅವರಿಗೆ ಗೇಣು ಜಮೀನೂ ಇರಲಿಲ್ಲ, ಪಂಪ್‌ಸೆಟ್ಟೂ ಇರಲಿಲ್ಲ. ಅವನು ಹಾಡು ಕಲಿತದ್ದು ಹೊನ್ನಾಳಿಯ ಒಂದು ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ, ಉಬ್ರಾಣಿಯ ಕಲ್ಲೇಶಪ್ಪನ ಎದುರು ಕೂತು. ಕಲ್ಲೇಶಪ್ಪ ತಂಡದ ಡೋಲಕ್ ವಾದಕ. ಹುಡುಗನ ದನಿ ಬಂಗಾರ, ಲಯ ಮಾತ್ರ ಸಡಿಲ. ಪಲ್ಲವಿ ಹೇಗೋ ಹಾಡುತ್ತಿದ್ದ. ನಡುವೆ ವಾದ್ಯ ನುಡಿದು ಚರಣಕ್ಕೆ ಮರಳುವಾಗ ಎಲ್ಲಿ ಎತ್ತಿಕೊಳ್ಳಬೇಕೆಂದು ತಿಳಿಯದೆ ತಡವರಿಸುತ್ತಿದ್ದ. ಗಿರಣಿ ನಿಂತ ಮೇಲೆ ಹಿಟ್ಟಿನ ಧೂಳಿನಲ್ಲಿ ಇಬ್ಬರೂ ಕೂತು ಅದೇ ಸಾಲನ್ನು ಮತ್ತೆ ಮತ್ತೆ ಹಿಡಿಯುತ್ತಿದ್ದರು. ಎಷ್ಟು ಮಾಡಿದರೂ ಪೂರ್ತಿ ಸರಿಹೋಗಲಿಲ್ಲ. ಆಗ ಕಲ್ಲೇಶಪ್ಪನೇ ಒಂದು ಉಪಾಯ ಕಂಡುಕೊಂಡ. ಚರಣ ಶುರುವಾಗುವ ಮುಂಚೆ ಡೋಲಕಿನ ಎಡಗಡೆಗೆ ಎರಡು ಪೆಟ್ಟು ಜೋಡಿಸಿ ಕೊಡುವುದು. ಅದು ಕೇಳಿದ ಕೂಡಲೇ ಸತೀಶ ಬಾಯಿ ತೆರೆಯಬೇಕು. ತಂಡದವರು ಅದನ್ನು ಕರೆ ಪೆಟ್ಟು ಎನ್ನುತ್ತಿದ್ದರು. ಕೇಳುವವರಿಗೆ ಅದು ಡೋಲಕಿನ ಒಂದು ಒಯ್ಯಾರದಂತೆ ಕೇಳಿಸುತ್ತಿತ್ತು, ಅಷ್ಟೇ.

ಚನ್ನಗಿರಿಯ ಕಥೆಯನ್ನು ರುದ್ರಮುನಿ ಮುಂದಿನ ಊರಲ್ಲೂ ಹೇಳಿದ. ಪಂಪ್‌ಸೆಟ್ಟಿಗೆ ಒಂದು ಬೆಳದಿಂಗಳು ಸೇರಿತು, ಬೆಳದಿಂಗಳಿಗೆ ಹೊಳೆ ದಾಟುವ ಒಬ್ಬ ಸನ್ಯಾಸಿ ಸೇರಿದ. ವರ್ಷಗಳು ಹೋದಂತೆ ಸತೀಶ ಗಿರಣಿಯ ಕೋಣೆಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. "ಅಭ್ಯಾಸ ಮಾಡಿದ್ರೆ ಸಹಜ ಅನ್ನೋದು ಹೋಗ್ತದೆ" ಎಂದು ಅವನು ಹೇಳತೊಡಗಿದ. ತಡವಾಗಿ ಬಂದರೆ ರುದ್ರಮುನಿ ಮೈಕಿನಲ್ಲಿ, "ಮಹಾನ್ ಕಲಾವಿದರು ಗಡಿಯಾರ ನೋಡಿ ಹಾಡುವುದಿಲ್ಲ" ಎನ್ನುತ್ತಿದ್ದ. ಸಂಘಟಕರ ಮೇಲೆ ಕೂಗಾಡಿದರೆ, "ಪ್ರತಿಭೆ ಇದ್ದಲ್ಲಿ ಕಾವು ಇರುತ್ತದೆ" ಎನ್ನುತ್ತಿದ್ದ. ಎಲ್ಲಕ್ಕೂ ಒಂದೊಂದು ವಾಕ್ಯ ಅವನ ಬಳಿ ತಯಾರಿತ್ತು. ಜನ ಅದಕ್ಕೂ ಚಪ್ಪಾಳೆ ತಟ್ಟುತ್ತಿದ್ದರು.

ಈ ನವೆಂಬರಿನಲ್ಲಿ ಹೊನ್ನಾಳಿಯ ರಾಜ್ಯೋತ್ಸವ ವೇದಿಕೆಯಲ್ಲಿ ಈ ಆಟ ಹಳಿ ತಪ್ಪಿತು. ಸತೀಶನ ಹೊಸ ಹಾಡೊಂದು ಯೂಟ್ಯೂಬಿನಲ್ಲಿ ಓಡುತ್ತಿತ್ತು. ಸ್ಟುಡಿಯೋದಲ್ಲಿ ತುಂಡು ತುಂಡಾಗಿ ಹಾಡಿ ಜೋಡಿಸಿದ ಹಾಡು. ತಂಡದ ಜೊತೆ ಒಮ್ಮೆಯೂ ಕೂತು ನೋಡಿರಲಿಲ್ಲ. ಎರಡನೇ ಚರಣದ ಮುಂಚೆ ಕಲ್ಲೇಶಪ್ಪ ಕರೆ ಪೆಟ್ಟು ಕೊಟ್ಟ. ಸತೀಶ ಮುಂದಿನ ಸಾಲಿನ ಮೊಬೈಲುಗಳ ಕಡೆ ಕೈಬೀಸುತ್ತಿದ್ದ. ಎತ್ತಿಕೊಂಡಾಗ ತಡವಾಗಿತ್ತು. ಕೀಬೋರ್ಡ್ ಒಂದು ಕಡೆ, ಹಾಡು ಒಂದು ಕಡೆ ಆಗಿ ಎಲ್ಲವೂ ಕುಸಿದು ನಿಂತಿತು. ಸತೀಶ ಎಲ್ಲರಿಗೂ ಕಾಣುವ ಹಾಗೆ ತಿರುಗಿ ಕಲ್ಲೇಶಪ್ಪನನ್ನು ದುರುಗುಟ್ಟಿ ನೋಡಿ, ಮೈಕ್ ಕೆಳಗಿಟ್ಟು ಒಳಗೆ ಹೋದ. ಕಲ್ಲೇಶಪ್ಪ ಡೋಲಕ್ ಎತ್ತಿಕೊಂಡು ಹಿಂದೆಯೇ ಹೋದ.

ಮೈದಾನ ಗುಜುಗುಜು ಎನ್ನತೊಡಗಿತು. ರುದ್ರಮುನಿ ಮುಂದೆ ಬಂದ. "ಡೋಲಕ್ ಕಡೆಯಿಂದ ಒಂದು ತಪ್ಪಾಗಿದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು" ಎಂದ. ಯೋಚಿಸಿ ಹೇಳಿದ್ದಲ್ಲ. ಆಂಪ್ಲಿಫೈಯರ್ ಸುಟ್ಟಾಗ, ಗಾಡಿ ಕೆಟ್ಟಾಗ ಬರುವ ಹಾಗೆಯೇ ಬಂತು.

ಅದೇ ಹೊತ್ತಿಗೆ ಪರದೆಯ ಹಿಂದೆ ದಡ್ ಎಂಬ ಸದ್ದಾಯಿತು. ಅವನು ಹಿಂದೆ ಹೋಗಿ ನೋಡಿದಾಗ ಸತೀಶ ಒದ್ದ ಡೋಲಕ್ ಮೆಟ್ಟಿಲುಗಳ ಕೆಳಗೆ ಬಿದ್ದಿತ್ತು. ಎಡಗಡೆಯ ಚರ್ಮ ಹರಿದಿತ್ತು. ಕಲ್ಲೇಶಪ್ಪ ಅದನ್ನು ಎತ್ತಿಕೊಂಡು, ಟವೆಲ್ಲಿನಿಂದ ಒರೆಸಿ, ಕಣ್ಣಿಗೆ ಒತ್ತಿಕೊಂಡ.

"ಬೇಕಾದ್ರೆ ನನಗೆ ಒದೀಬೇಕಿತ್ತು. ಇದಕ್ಕೆ ಕಾಲು ತಾಗಿಸಬಾರದಿತ್ತು" ಎಂದನಷ್ಟೇ.

"ಹೋಗ್ಲಿ ಬಿಡು ಕಲ್ಲಣ್ಣ, ಕಲಾವಿದರ ಸಿಟ್ಟು" ಎಂದ ರುದ್ರಮುನಿ. ಆ ವಾಕ್ಯವೂ ತಯಾರಿತ್ತು.

ಮೂರ್ನಾಲ್ಕು ದಿನಗಳಲ್ಲಿ ಒಂದು ಸಣ್ಣ ವಿಡಿಯೋ ಎಲ್ಲರ ಫೋನಿಗೂ ಬಂತು. ಹಾಡು ನಿಲ್ಲುತ್ತದೆ, ಸತೀಶ ದುರುಗುಟ್ಟುತ್ತಾನೆ, ರುದ್ರಮುನಿಯ ದನಿ ಕೇಳುತ್ತದೆ: ಡೋಲಕ್ ಕಡೆಯಿಂದ ಒಂದು ತಪ್ಪಾಗಿದೆ. ಅದರ ಕೆಳಗೆ ಯಾರೋ 'ಕುಡಿದು ಬಂದ ಡೋಲಕ್‌ನವನಿಂದ ಕಾರ್ಯಕ್ರಮ ಹಾಳು' ಎಂದು ಬರೆದಿದ್ದರು. ಬರೆದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಮರುವಾರ ಕಲ್ಲೇಶಪ್ಪ ಚನ್ನಗಿರಿಯಲ್ಲೊಂದು, ಹೊನ್ನಾಳಿಯಲ್ಲೊಂದು ಬಸ್ ಬದಲಿಸಿ ನ್ಯಾಮತಿಗೆ ಬಂದ. ರುದ್ರಮುನಿಯ ಹೆಂಡತಿ ಶಂಕ್ರಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಬರ್ರಿ ಕಲ್ಲಣ್ಣ. ಇದೇನು ಬರಿಗೈ? ನಿಮ್ಮ ಹೆಗಲು ಡೋಲಕ್ ಇಲ್ದೆ ನಾನು ನೋಡೇ ಇಲ್ಲ."

"ಅದು ಮನೆಯಾಗೆ ಮಲಗೈತೆ ಕಣವ್ವ. ಹುಷಾರಿಲ್ಲ ಅದಕ್ಕೆ."

ಅವನು ಒಳಗೆ ಬಂದು ಗೋಡೆಗೆ ಒರಗಿ ಕೂತ. ಮಂಡಕ್ಕಿ ಬಂತು, ಚಹಾ ಬಂತು. ಎರಡನ್ನೂ ಮುಗಿಸಿದ ಮೇಲೆ ಮಾತು ತೆಗೆದ.

"ಬೈಯಾಕೆ ಬಂದಿಲ್ಲ ರುದ್ರಮುನಿ, ಕೇಳಾಕೆ ಬಂದೀನಿ. ನಾನು ಕುಡೀತೀನಾ?"

"ಇಲ್ಲ."

"ಅವತ್ತು ತಪ್ಪಿದ್ದು ನಾನಾ?"

"ಅಲ್ಲ."

"ಮತ್ತೆ ಮೈಕಿನಾಗೆ ಹೆಂಗೆ ಹೇಳ್ದೆ?"

"ಬಾಯಿಗೆ ಬಂದ್ಬಿಡ್ತು ಕಲ್ಲಣ್ಣ. ಆಂಪ್ಲಿಫೈಯರ್ ಹೋಯ್ತು ಅಂತೀನಿ, ಗಾಡಿ ಕೆಟ್ತು ಅಂತೀನಿ, ಇದೂ ಹಂಗೇ…"

"ಆಂಪ್ಲಿಫೈಯರಿಗೆ ಸೋಮವಾರದ ಭಜನೆ ಇಲ್ಲಪ್ಪ. ನನಗೈತೆ."

ವಿಷಯ ಅದು. ಉಬ್ರಾಣಿಯ ಮಠದಲ್ಲಿ ಕಾರ್ತಿಕ ಸೋಮವಾರಗಳ ಭಜನೆಗೆ ಡೋಲಕ್ ನುಡಿಸುವುದು ಕಲ್ಲೇಶಪ್ಪನ ಮನೆಯವರ ಸೇವೆ. ಅವನಪ್ಪನ ಕಾಲದಿಂದ ಬಂದದ್ದು. ಹಿಂದಿನ ಸೋಮವಾರ ಅವನು ಹೊರಟಾಗ ಭಜನೆಯ ಹಿರಿಯರು ದಾರಿಯಲ್ಲೇ ನಿಲ್ಲಿಸಿ, ಈ ಸಲ ಬೇಡ ಬಿಡ್ರಿ, ಜನ ಏನೇನೋ ಆಡಿಕೊಳ್ತಾರೆ ಎಂದಿದ್ದರು. ಜೋರಾಗಿ ಹೇಳಲಿಲ್ಲ. ಹೆಗಲ ಮೇಲೆ ಕೈಯಿಟ್ಟು ಹೇಳಿದರು. ಜೋರಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು ಎಂದ ಕಲ್ಲೇಶಪ್ಪ.

"ನಾನು ಕುಡಿಯಲ್ಲ ಅಂತ ನೀವೇ ಹೇಳ್ಬೇಕಿತ್ತು" ಎಂದಳು ಶಂಕ್ರಮ್ಮ.

"ಹೇಳ್ದೆ ತಾಯಿ. ರುದ್ರಮುನಿನೇ ಮೈಕಿನಾಗೆ ಹೇಳ್ಯಾನಲ್ಲಪ್ಪ ಅಂದ್ರು. ಅವನು ಸುಳ್ಳು ಹೇಳೋನಲ್ಲ ಅಂದ್ರು."

ಶಂಕ್ರಮ್ಮ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ಗಂಡನ ಕಡೆ ನೋಡಿದಳು. "ಅಲ್ರೀ, ಸತ್ತೋರ ವಿಷಯ ಆದ್ರೆ ಮನೆಗೆ ಹೋಗಿ, ನಿಂತು, ಕೇಳಿ ಹೇಳ್ತೀರಿ. ಬದುಕಿರೋರ ವಿಷಯ ಯಾರನ್ನ ಕೇಳಿ ಹೇಳ್ತೀರಿ?"

ರುದ್ರಮುನಿ ಖಾಲಿ ಲೋಟವನ್ನು ತಿರುಗಿಸುತ್ತ ಕೂತ.

"ನೀನು ಹೇಳಿದ್ದನ್ನ ಇನ್ಯಾರು ಅಳಿಸಿದ್ರೂ ಅಳಿಯಲ್ಲ" ಎಂದ ಕಲ್ಲೇಶಪ್ಪ, ಏಳುತ್ತ. "ಇನ್ನೊಂದು ಸೋಮವಾರ ಉಳಿದೈತೆ. ಅಷ್ಟೇ ನಾನು ಹೇಳೋದು."

ಅವನನ್ನು ಬಸ್ ಹತ್ತಿಸಿ ಬಂದವನೇ ರುದ್ರಮುನಿ ಸಾಸ್ವೆಹಳ್ಳಿಗೆ ಹೊರಟ. ಸತೀಶ ಮಹಡಿಯ ಮೇಲೆ, ಶಾಲು ಫಲಕಗಳ ಕಪಾಟಿನ ಎದುರು, ಬನಿಯನ್ನಿನಲ್ಲಿ ಕೂತಿದ್ದ. ಕಂಡ ಕೂಡಲೇ ಎದ್ದು ಬಂದು ಕೈ ಹಿಡಿದು ಕೂರಿಸಿದ, ಎಳನೀರು ತರಿಸಿದ. ಮನೆಗೆ ಬಂದವರನ್ನು ನೋಡಿಕೊಳ್ಳುವುದರಲ್ಲಿ ಅವನಿಗೆ ಯಾವತ್ತೂ ಕೊರತೆ ಇರಲಿಲ್ಲ.

"ನೀನು ಬಂದದ್ದು ಒಳ್ಳೇದಾಯ್ತು ಮುನಿಯಣ್ಣ. ಭಾನುವಾರ ಜಗಳೂರು ಐತಲ್ಲ, ಅಲ್ಲಿ ಒಂದು ಮಾತು ಹೇಳ್ಬಿಡು. ಡೋಲಕ್‌ನವನು ಕುಡಿದಿದ್ದ, ತಂಡದಿಂದ ತೆಗೆದೀವಿ ಅಂತ. ನೀನು ಹೇಳಿದ್ರೆ ಮುಗೀತು."

"ಅವನು ಕುಡಿಯಲ್ಲ ಸತೀಶ."

"ನನಗೆ ಗೊತ್ತಿಲ್ವಾ? ಕಲ್ಲಣ್ಣನ ಮೇಲೆ ನನಗೇನೂ ಇಲ್ಲ. ಆದ್ರೆ ಹಾಡು ನಾನು ತಪ್ಪಿದೆ ಅಂತ ಹೇಳಾಕೆ ಆಗ್ತದಾ? ತಪ್ಪೋದು ಕಲಿತವರು. ನಾನು ಎಲ್ಲಿ ಕಲಿತೀನಿ? ನನಗೆ ಹಂಗೇ ಬಂದಿರೋದು. ಹೊಳೆ ದಂಡೆಯಾಗೆ ಪಂಪ್‌ಸೆಟ್ ಓಡ್ತಾ ಇದ್ರೆ ನಾನು ಆ ಪೈಪಿನ ಮೇಲೆ ಕಾಲು ಇಳಿಬಿಟ್ಕೊಂಡು ಕೂರ್ತಿದ್ದೆ. ಪೈಪು ಗಡಗಡ ಅಂತಿತ್ತು, ಮೈಯೆಲ್ಲ ಶ್ರುತಿ ತುಂಬ್ಕೊಳ್ಳೋದು."

ರುದ್ರಮುನಿ ಎಳನೀರು ಕೆಳಗಿಟ್ಟ. ಪಂಪ್‌ಸೆಟ್ ಅವನದು, ಬೆಳದಿಂಗಳು ಅವನದು, ಸನ್ಯಾಸಿ ಅವನದು. ಪೈಪನ್ನು ಮಾತ್ರ ಅವನು ಯಾವತ್ತೂ ಹೇಳಿರಲಿಲ್ಲ.

"ನಿಮ್ಮಪ್ಪಂದು ಸೈಕಲ್ ಶಾಪ್ ಅಲ್ವೇನೋ? ಪಂಪ್‌ಸೆಟ್ ಎಲ್ಲಿತ್ತು?"

ಸತೀಶ ನಕ್ಕ. ಆಮೇಲೆ ನಗು ನಿಲ್ಲಿಸಿ ಕಿಟಕಿಯ ಕಡೆ ನೋಡಿದ. "ಯಾರದೋ ಇತ್ತಣ್ಣ. ಅಲ್ಲೇ ದಂಡೆಯಾಗೆ."

ಅದು ಸುಳ್ಳು ಹೇಳುವವನ ಮುಖವಾಗಿರಲಿಲ್ಲ. ನೆನಪು ಮಾಡಿಕೊಳ್ಳುವವನ ಮುಖವಾಗಿತ್ತು.

"ಗಿರಣಿ ಹಿಂದಿನ ಕೋಣೆ ನೆನಪೈತಾ?"

"ಇಲ್ದೆ ಏನು. ನಾನು ಹಾಡ್ತಿದ್ದೆ, ಕಲ್ಲಣ್ಣ ಬಾರಿಸ್ತಿದ್ದ. ಅವನಿಗೆ ಕೈ ಪಳಗಿದ್ದೇ ನನ್ನ ಜೊತೆ ಕೂತು."

ಹೊರಡುವಾಗ ಸತೀಶ ಮೆಟ್ಟಿಲ ತನಕ ಬಂದ. "ಜಗಳೂರಿನಾಗೆ ಆ ಮಾತು ಮರೀಬೇಡ" ಎಂದ. ರುದ್ರಮುನಿ ಹೂಂ ಎಂದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವನಿಗೆ ಕಲ್ಲೇಶಪ್ಪನ ಮುಖಕ್ಕಿಂತ ಸತೀಶ ಕೂತ ಆ ಪೈಪೇ ಹೆಚ್ಚು ಕಾಡಿತು. ತಾನು ಹಾಕಿದ ಬೀಜಕ್ಕೆ ಇನ್ನೊಬ್ಬನ ತಲೆಯಲ್ಲಿ ಟೊಂಗೆ ಒಡೆದಿತ್ತು. ಒದ್ದ ಕಾಲು ಸತೀಶನದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಕಾಲಿಗೆ ಅನುಮತಿ ಕೊಡುತ್ತ ಬಂದವರು ಯಾರು ಎಂಬುದಕ್ಕೆ ಉತ್ತರವಾಗಿ ಅವನಿಗೆ ತಾನೇ ಮೈಕಿನಲ್ಲಿ ಹೇಳಿದ ವಾಕ್ಯಗಳು ಒಂದರ ಹಿಂದೊಂದು ಕೇಳತೊಡಗಿದವು.

ಜಗಳೂರಿನಲ್ಲಿ ಭಾನುವಾರ ಸಂಜೆ ಗಾಳಿ ಜೋರಾಗಿತ್ತು. ಪರದೆಯನ್ನು ಹಗ್ಗದಿಂದ ಬಿಗಿದು ಕಟ್ಟಿದ್ದರು. ಮೆಕ್ಕೆಜೋಳ ಒಣಹಾಕಿದ್ದವರು ರಾಶಿಗೆ ತಾಡಪಾಲು ಮುಚ್ಚಿ ಬಂದು ಕೂತಿದ್ದರು. ಮೈದಾನದ ಅಂಚಿನಲ್ಲಿ ಒಬ್ಬರು ಕುರಿಮಂದೆ ನಿಲ್ಲಿಸಿಕೊಂಡೇ ವೇದಿಕೆ ನೋಡುತ್ತಿದ್ದರು. ಕಲ್ಲೇಶಪ್ಪ ಕೂರುತ್ತಿದ್ದ ಎಡಬದಿಯಲ್ಲಿ ದಾವಣಗೆರೆಯಿಂದ ಬಂದ ಹೊಸಬನೊಬ್ಬ ರಿದಂ ಪ್ಯಾಡ್ ಹರಡಿಕೊಂಡಿದ್ದ.

ರುದ್ರಮುನಿ ಮೈಕ್ ತೆಗೆದುಕೊಂಡ. ವೇದಿಕೆಯ ಮೇಲೆ ಅವನು ಯಾವಾಗಲೂ ಕಣ್ಣು ಮುಚ್ಚಿ, ಒಂದು ದೀರ್ಘ ಉಸಿರು ಎಳೆದು ಶುರುಮಾಡುತ್ತಿದ್ದ. ಈ ದಿನ ಕಣ್ಣುಗಳು ತೆರೆದೇ ಇದ್ದವು. ಆಟೊದಲ್ಲಿ ಹಿಡಿಯುವ ಹಾಗೆ ಮೈಕನ್ನು ಗಲ್ಲದ ಹತ್ತಿರ ಹಿಡಿದ.

"ಒಂದು ಪ್ರಕಟಣೆ. ಹೊನ್ನಾಳಿಯಲ್ಲಿ ನಮ್ಮ ತಂಡದ ಹಾಡು ನಡುವೆ ನಿಂತಿತ್ತು. ಡೋಲಕ್ ನುಡಿಸುತ್ತಿದ್ದವರು ಉಬ್ರಾಣಿಯ ಕಲ್ಲೇಶಪ್ಪನವರು. ಅವರಿಂದ ತಪ್ಪಾಯಿತು ಎಂದು ನಾನು ಹೇಳಿದೆ. ಅದು ನಿಜವಲ್ಲ. ಅವರು ಕುಡಿದಿರಲಿಲ್ಲ, ಅವರು ಕುಡಿಯುವವರಲ್ಲ. ತಪ್ಪಿದ್ದು ಹಾಡಿದವರು. ಡೋಲಕ್ಕಿಗೆ ಒದ್ದವರೂ ಅವರೇ. ಹಾಡಿದವರಿಗೆ ಹಾಡು ಕಲಿಸಿದವರು ಕಲ್ಲೇಶಪ್ಪನವರು. ಹೊಳೆ ದಂಡೆಯ ಪಂಪ್‌ಸೆಟ್ಟಿನ ಕಥೆ ನಾನು ಕಟ್ಟಿದ್ದು. ಹೇಳುತ್ತಿರುವವನು ನ್ಯಾಮತಿಯ ರುದ್ರಮುನಿ."

ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವಳನ್ನು ಕೇಳಿದರು, "ಯಾರೇ ಸತ್ತಿದ್ದು?" ಸುತ್ತಲಿನವರು ನಕ್ಕರು. ಹಿಂದಿನಿಂದ ಯಾರೋ, "ಆಯ್ತು ಬಿಡ್ರಿ, ಹಾಡು ಹಾಕ್ರಿ" ಎಂದರು.

ಸತೀಶ ಬಂದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಹಳೆಯ ಹಾಡೊಂದನ್ನು ಎತ್ತಿಕೊಂಡ. ಜನರೇಟರಿನ ಪಕ್ಕ ನಿಂತ ರುದ್ರಮುನಿಗೆ ಆ ದನಿ ಎಂದಿನಂತೆ ಮೈ ಜುಮ್ಮೆನಿಸಿತು. ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ. ಚರಣದ ಹೊತ್ತಿಗೆ ಸತೀಶ ಎಡಕ್ಕೆ ನೋಡಿದ. ರಿದಂ ಪ್ಯಾಡಿನವನಿಗೆ ಕರೆ ಪೆಟ್ಟಿನ ವಿಷಯ ಗೊತ್ತಿರಲಿಲ್ಲ; ಅವನು ತಾಳ ಹಾಕುತ್ತಲೇ ಇದ್ದ. ಸತೀಶನ ಬಾಯಿ ತೆರೆದು ಮುಚ್ಚಿತು. ಕೀಬೋರ್ಡಿನವನು ಪರಿಸ್ಥಿತಿ ಅರಿತು ಅದೇ ಸಂಗೀತವನ್ನು ಇನ್ನೊಂದು ಸುತ್ತು ನುಡಿಸಿದ. ಎರಡನೇ ಸುತ್ತಿನಲ್ಲಿ ಸತೀಶ ಸೇರಿಕೊಂಡ. ಜನ ಸೀಟಿ ಹೊಡೆದರು. ಯಾರಿಗೂ ಏನೂ ತಿಳಿಯಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸತೀಶ ಬೈಯಲಿಲ್ಲ. "ಗಾಡಿಯಾಗೆ ಜಾಗ ಇಲ್ಲಣ್ಣ" ಎಂದು ಮಾತ್ರ ಹೇಳಿದ. ರುದ್ರಮುನಿ ದಾವಣಗೆರೆ ಬಸ್ಸಿಗೆ ನಡೆದ.

ಮರುದಿನ ಬೆಳಿಗ್ಗೆ, ಕಡೆಯ ಕಾರ್ತಿಕ ಸೋಮವಾರ, ಫೋನ್ ಬಂತು. ಉಬ್ರಾಣಿಯ ಭಜನೆಯ ಹಿರಿಯರಲ್ಲೊಬ್ಬರಾದ ಮಹೇಶ್ವರಪ್ಪನವರದು.

"ಜಗಳೂರಿನ ವಿಡಿಯೋ ಬಂದೈತೆ ನಮ್ಮ ಕಡೆಗೂ. ಅದರಾಗೆ ಹೇಳಿರೋದು ನೀವೇನಾ?"

"ನಾನೇ ರೀ."

"ಯಾರಾದ್ರೂ ಹೇಳ್ಸಿದ್ರಾ?"

"ಇಲ್ಲ ರೀ."

"ಹಂಗಲ್ಲ, ಈಗ ಮೊಬೈಲಿನಾಗೆ ಯಾರ ದನಿ ಬೇಕಾದ್ರೂ ಮಾಡ್ತಾರಂತೆ. ಸತ್ತೋರ ಸುದ್ದಿ ನೀವು ಮನೆಗೆ ಹೋಗಿ ಕೇಳಿ ಹೇಳ್ತೀರಂತಲ್ಲ, ಅದಕ್ಕೇ ನಾನೂ ಕೇಳಾನ ಅಂತ." ಆಮೇಲೆ ಅವರೇ ಸೇರಿಸಿದರು, "ಹಿಂದಿನ ವಾರ ಕೇಳ್ಬೇಕಿತ್ತು ನಾವು. ಕೇಳ್ಲಿಲ್ಲ. ಸಂಜೆ ನೀವೂ ಬರ್ರಿ."

ಅವನು ಹೋದ. ಮಠದ ಮೊಗಸಾಲೆಯಲ್ಲಿ ದೀಪಗಳು ಉರಿಯುತ್ತಿದ್ದವು. ಕಲ್ಲೇಶಪ್ಪ ತನ್ನ ಎಂದಿನ ಜಾಗದಲ್ಲಿ ಕೂತಿದ್ದ. ಡೋಲಕಿಗೆ ಹೊಸ ಚರ್ಮ ಬಿಗಿದಾಗಿತ್ತು. ಒಂದು ಕಡೆ ಬಿಳುಪು, ಇನ್ನೊಂದು ಕಡೆ ಹಳೆಯ ಕಂದು. ಮಹೇಶ್ವರಪ್ಪನವರು ಹಾಡಿಕೊಡುತ್ತಿದ್ದರು. ವಯಸ್ಸಾದ ದನಿ, ಸಾಲು ಮುಗಿದರೆ ಮುಂದಿನದು ಎಲ್ಲೆಂದು ಅವರಿಗೂ ಒಮ್ಮೊಮ್ಮೆ ಮರೆಯುತ್ತಿತ್ತು. ಆಗ ಎಡಗಡೆಯಿಂದ ಎರಡು ಪೆಟ್ಟು ಬರುತ್ತಿತ್ತು. ಮುದುಕರು ಎತ್ತಿಕೊಳ್ಳುತ್ತಿದ್ದರು, ಉಳಿದವರು ಹಿಂದೆ ಬರುತ್ತಿದ್ದರು. ಮೈಕ್ ಇರಲಿಲ್ಲ. ರುದ್ರಮುನಿ ಕಂಬದ ಪಕ್ಕ ಕೂತು ಕೇಳಿದ.

ಪ್ರಸಾದಕ್ಕೆ ಎಲೆ ಹಾಕುವಾಗ ಇಬ್ಬರೂ ಪಕ್ಕಪಕ್ಕ ಕೂತರು.

"ಮಧ್ಯಾಹ್ನ ಸತೀಶ ಫೋನ್ ಮಾಡಿದ್ದ" ಎಂದ ಕಲ್ಲೇಶಪ್ಪ.

"ಏನಂದ?"

"ಬಾ ಕಲ್ಲಣ್ಣ, ಆದದ್ದಾಯ್ತು ಅಂದ. ಆ ಪ್ಯಾಡಿನವನು ಸರಿ ಇಲ್ವಂತೆ."

"ನೀನೇನಂದೆ?"

"ಗಿರಣಿ ಕೋಣೆ ಇನ್ನೂ ಖಾಲಿ ಐತೆ, ದಿನಾ ಅಭ್ಯಾಸಕ್ಕೆ ಬರ್ತೀಯಾ ಅಂದೆ. ಮೊದಲನೇ ದಿನ ಡೋಲಕ್ಕಿಗೆ ಕೈಮುಗಿದು ಕೂರಬೇಕು ಅಂತಾನೂ ಅಂದೆ."

"ಏನಂದ?"

ಕಲ್ಲೇಶಪ್ಪ ಎಲೆಗೆ ನೀರು ಚಿಮುಕಿಸಿದ. "ಫೋನ್ ಇಟ್ಟ." ಅನ್ನ ಬಂತು. ಅದಕ್ಕೆ ಸಾರು ಬರುವ ತನಕ ಅವನು ಕಾದ. "ಇನ್ನೊಂದ್ಸಲ ಮಾಡ್ತಾನೆ ಅನ್ನಿಸ್ತದೆ. ಮಾಡ್ದೆ ಇದ್ರೂ ಹೋಗ್ಲಿ. ನೀನು ಮಾತ್ರ ಅವನ ಬಗ್ಗೆ ಯಾರ ಹತ್ರಾನೂ ಒಳ್ಳೇದೂ ಕೆಟ್ಟದ್ದೂ ಏನೂ ಹೇಳಾಕೆ ಹೋಗ್ಬೇಡ."

ರುದ್ರಮುನಿ ಹೇಳುವುದಿಲ್ಲ ಎಂದ.